ಇಸ್ಪೀಟು ಎಣಿಸಿದ ಮಳೆಗಾಲ

ಹೋದ ತಿಂಗಳು ರೇಷ್ಮೆಗೂಡಿನ ಬೆಲೆಯ ಬಗ್ಗೆ ವರದಿ ಮಾಡಲು ಸಿಂಧಘಟ್ಟದ ಕಡೆ ಹೋಗಿದ್ದೆ. ರೈತರೊಬ್ಬರು ಆಗಷ್ಟೇ ಬೆಳೆ ಮುಗಿಸಿ, ಹುಳುಮನೆ ತೊಳೆದು, ಬ್ಲೀಚಿಂಗ್ ಪೌಡರಿನ ನೀರು ಹೊಡೆದಿದ್ದರು. ಒಳಗೆ ಕಾಲಿಟ್ಟೊಡನೆ ಆ ಘಾಟು ಮೂಗಿಗೆ ಬಡಿಯಿತು. ಅದರ ಅಡಿಯಲ್ಲೆಲ್ಲೋ ಒಣಗಿದ ಹಿಪ್ಪುನೇರಳೆ ಸೊಪ್ಪಿನ ವಾಸನೆಯೂ ಇತ್ತು. ರೈತರು ಬೆಲೆ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ತಲೆ ಮಾತ್ರ ಬೇರೆಯೇ ಎಣಿಕೆ ಶುರುಮಾಡಿತ್ತು: ಒಂದು, ಎರಡು, ಮತ್ತೆ ಒಂದು, ಸೊನ್ನೆ. ಇಂಥದ್ದೇ ಒಂದು ಹುಳುಮನೆಯಲ್ಲಿ ಒಂದು ಮಳೆಗಾಲವಿಡೀ ಕೂತು ನಾಲ್ಕು ಜನ ಇಸ್ಪೀಟು ಎಣಿಸುವುದನ್ನು ನೋಡಿದ್ದೆ. ಈಗ ನೆನೆದರೂ ಮೊದಲು ಬರುವುದು ಆಯಾಸ.

ಕೋವಿಡ್ ಕಳೆದ ಮರುವರ್ಷವಿರಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿಗೆ ನಮ್ಮ ಪತ್ರಿಕೆಗೆ ನಾನೊಬ್ಬನೇ ವರದಿಗಾರ. ಮಳೆಗಾಲದಲ್ಲಿ ನಮ್ಮ ಕೆಲಸಕ್ಕೆ ಒಂದು ಕ್ರಮವಿರುತ್ತದೆ. ಬೆಳಗ್ಗೆ ಅಣೆಕಟ್ಟೆಯ ಒಳಹರಿವು, ಮಧ್ಯಾಹ್ನ ಶ್ರೀರಂಗಪಟ್ಟಣದಲ್ಲಿ ನದಿದಂಡೆಯ ಜನರಿಗೆ ಎಚ್ಚರಿಕೆ, ಸಂಜೆ ಯಾವುದೋ ತೋಪಿನಲ್ಲಿ ಇಸ್ಪೀಟ್ ಅಡ್ಡೆಯ ಮೇಲೆ ದಾಳಿ. ಅದರ ಹಿಂದಿನ ವರ್ಷ ಅಂಥ ದಾಳಿಯ ಒಂದು ಸುದ್ದಿಯಲ್ಲಿ ಸಿಂಧಘಟ್ಟದ ನಿಂಗರಾಜನ ಹೆಸರನ್ನು ನಾನೇ ಬರೆದಿದ್ದೆ. (ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ.) ಅವನ ಮುಖ ನೋಡಿದ್ದು ಆ ಮಳೆಗಾಲದಲ್ಲಿ.

ನನ್ನನ್ನು ಆ ಹುಳುಮನೆಗೆ ಕರೆದವರು ರಾಮಲಿಂಗೇಗೌಡರು. ನಾಗಮಂಗಲದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿ ನಿವೃತ್ತರಾದವರು, ಎಲ್ಲರ ಬಾಯಲ್ಲೂ ಲೆಕ್ಕದ ಮೇಷ್ಟ್ರು.

"ಇಡೀ ಸರ್ವೀಸು ಸಂಭವನೀಯತೆ ಪಾಠ ಮಾಡಿದೀನಿ ಕಣಯ್ಯ," ಎಂದರು ಫೋನಿನಲ್ಲಿ. "ಒಂದು ದಿನವಾದರೂ ಅದು ಕೆಲಸ ಮಾಡೋದನ್ನ ಕಣ್ಣಲ್ಲಿ ನೋಡಿಲ್ಲ. ಗೋವಾದಲ್ಲಿ ನೋಡಬಹುದಂತೆ. ನೀನೂ ಬಾ. ಬರೆಯೋದಿದ್ರೆ ಎಲ್ಲ ಮುಗಿದ ಮೇಲೆ ಬರಿ."

ವಿಷಯ ಇಷ್ಟು. ಪಣಜಿಯ ನದಿಯಲ್ಲಿ ನಿಂತ ಜೂಜಿನ ಹಡಗುಗಳಲ್ಲಿ ಬ್ಲ್ಯಾಕ್‌ಜಾಕ್ ಎಂಬ ಆಟವಿದೆ. ಕೈಯಲ್ಲಿನ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಬಾರದು. ಹಂಚಿದ ಎಲೆಗಳು ಮತ್ತೆ ಕಟ್ಟಿಗೆ ಬೇಗ ಸೇರುವುದಿಲ್ಲವಾದ್ದರಿಂದ ಬಿದ್ದವುಗಳನ್ನು ಗಮನಿಸಿದರೆ ಉಳಿದವು ಎಂಥವೆಂದು ಅಂದಾಜು ಸಿಗುತ್ತದೆ. ಎರಡರಿಂದ ಆರರವರೆಗಿನ ಸಣ್ಣ ಎಲೆ ಬಿದ್ದರೆ ಒಂದು ಕೂಡಿಸು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆ. ಮಿಕ್ಕವಕ್ಕೆ ಸೊನ್ನೆ. ಎಣಿಕೆ ಏರಿತು ಎಂದರೆ ಕಟ್ಟಿನಲ್ಲಿ ದೊಡ್ಡ ಎಲೆಗಳು ಉಳಿದಿವೆ, ಆಡುವವನಿಗೆ ಕೂದಲೆಳೆಯಷ್ಟು ಅನುಕೂಲ. ಒಬ್ಬನೇ ಕೂತು ಎಣಿಸಿ, ಅನುಕೂಲ ಬಂದಾಗ ಪಣ ಏರಿಸಿದರೆ ಹಡಗಿನವರಿಗೆ ತಕ್ಷಣ ತಿಳಿಯುತ್ತದೆ. ಅದಕ್ಕೇ ತಂಡ ಬೇಕು. ಎಣಿಸುವವರು ಬರೀ ಚಿಕ್ಕ ಪಣ ಇಡುತ್ತ ಕೂತಿರುತ್ತಾರೆ. ಎಣಿಕೆ ಏರಿದಾಗ ಅವರು ಸನ್ನೆ ಮಾಡಿದರೆ ಹಣವಂತನ ವೇಷದವನೊಬ್ಬ ಬಂದು ದೊಡ್ಡದಾಗಿ ಆಡಿ ಎದ್ದು ಹೋಗುತ್ತಾನೆ. ಇದು ಅಪರಾಧವಲ್ಲ. ಗೊತ್ತಾದರೆ ಹಡಗಿನವರು ಎಬ್ಬಿಸಿ ಕಳಿಸುತ್ತಾರೆ, ಅಷ್ಟೇ.

ಹಣವಂತನ ಪಾತ್ರ ಶ್ರೀರಂಗಪಟ್ಟಣದ ಜವರೇಗೌಡನದು. ಎರಡು ಲಾರಿ, ಒಂದು ಕಾರು, ಕೊರಳಲ್ಲಿ ಚೈನು, ಬಾಯ್ತುಂಬ ಮಾತು.

"ನೀನು ಬರಬೇಕು, ಪಣ ಇಡಬೇಕು, ಎದ್ದು ಹೋಗಬೇಕು. ಮಾತಾಡಬಾರದು," ಎಂದರು ಮೇಷ್ಟ್ರು.

"ಮಾತಾಡ್ದೆ ಇದ್ರೆ ನಾನ್ ಶ್ರೀರಂಗಪಟ್ಣದವ್ನು ಅಂತ ಯಾರ್ ನಂಬ್ತಾರೆ ಸಾರ್?"

"ನೀನು ಶ್ರೀರಂಗಪಟ್ಟಣದವನು ಅಂತ ಅಲ್ಲಿ ಯಾರಿಗೂ ಗೊತ್ತಾಗಬಾರದು ಕಣೋ."

ಎಣಿಸಲು ಮೇಷ್ಟ್ರಿಗೆ ಮೊದಲು ಹೊಳೆದವಳು ಸುಧಾ. ಅವರ ಹಳೆಯ ವಿದ್ಯಾರ್ಥಿನಿ, ನಾಗಮಂಗಲದ ಹತ್ತಿರದ ಒಂದು ಡೇರಿಯಲ್ಲಿ ಹಾಲಿನ ಪರೀಕ್ಷೆ ಮಾಡುತ್ತಿದ್ದಳು. ಅವಳು ನಿಂಗರಾಜನ ಹೆಂಡತಿ. ಅವನು ಅಂದರ್ ಬಾಹರ್ ಹುಚ್ಚಿಗೆ ಬಿದ್ದು ಸೊಪ್ಪಿನ ತೋಟವನ್ನು ಸರಿಯಾಗಿ ನೋಡುತ್ತಿರಲಿಲ್ಲ. ಪೇಪರಿನಲ್ಲಿ ಹೆಸರು ಬಂದ ದಿನ ಅವಳು ಬಟ್ಟೆ ಕಟ್ಟಿಕೊಂಡು ತಾಯಿಯ ಮನೆಗೆ ಬಂದವಳು, ವರ್ಷವಾದರೂ ಅವನೊಂದಿಗೆ ಒಂದು ಮಾತಾಡಿರಲಿಲ್ಲ. ಮೇಷ್ಟ್ರು ಕೇಳಿದಾಗ ಒಪ್ಪಿದಳು, ಒಂದು ಷರತ್ತಿನೊಂದಿಗೆ. ಅದನ್ನು ಅವಳು ನನ್ನೆದುರೇ ಹೇಳಿದಳು.

"ಅವ್ರನ್ನೂ ಸೇರ್ಸ್ಕಳಿ ಸಾರ್. ಒಂದೇ ಟೇಬಲ್‌ಗೆ ಕೂರ್ಸಿ, ನನ್ ಕಣ್ಮುಂದೆ. ಆಡ್ಬ್ಯಾಡಿ ಅಂತ ಏಳಿ ಏಳಿ ಸಾಕಾಯ್ತು. ಈ ಮಳೆಗಾಲ ಮುಗಿಯೋಗಂಟ ಎಲೆ ಮುಂದೆ ಕೂತು, ಆಸೆಗೆ ಒಂದೇ ಒಂದು ಪಣ ಕಟ್ದೆ ಎದ್ದು ಬಂದ್ರೆ, ವಾಪಸ್ ಓಗೋದ್ನ ಯೋಚ್ನೆ ಮಾಡ್ತೀನಿ."

"ಕಟ್ಟಿದರೆ?" ಎಂದರು ಮೇಷ್ಟ್ರು.

"ಆಮೇಲ್ ಯೋಚ್ನೆ ಮಾಡೋದೇನದೆ?" ಎಂದವಳು ನನ್ನ ಕಡೆ ತಿರುಗಿದಳು. "ನೀವೇ ಅಲ್ವಾ ಅವ್ರ ಎಸ್ರು ಪೇಪರ್‌ಗೆ ಆಕ್ದೋರು? ನೋಡ್ತಾ ಇರಿ. ಈ ಸಲನೂ ನೋಡಿದ್ನೇ ಏಳಿ."

ಅಭ್ಯಾಸ ನಡೆದದ್ದು ನಿಂಗರಾಜನ ಹುಳುಮನೆಯಲ್ಲಿ, ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವಿನ ಬಿಡುವಿನಲ್ಲಿ. ಹೊರಗೆ ಆಷಾಢದ ಸೋನೆ. ಒಳಗೆ ಕಣ್ಣುರಿಸುವ ಬ್ಲೀಚಿಂಗ್ ಘಾಟು. ಹುಳು ಸಾಕುವ ತಟ್ಟೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಟವೆಲ್ ಹಾಸಿ ಮೇಷ್ಟ್ರು ಎಲೆ ಹಂಚುತ್ತಿದ್ದರು. ಬರೀ ಎಣಿಸುವುದಾದರೆ ಯಾರಿಗಾದರೂ ಬರುತ್ತದೆ. ಮಾತಾಡುತ್ತ, ನಗುತ್ತ, ಬೇರೆ ಕಡೆ ನೋಡುತ್ತ ಎಣಿಸಬೇಕು. ಅದಕ್ಕಾಗಿ ಜವರೇಗೌಡ ಪಕ್ಕದಲ್ಲಿ ಕೂತು ಕಿವಿಗೆ ಕಿರುಚುತ್ತಿದ್ದ: "ಲೇ ನಿಂಗ, ಗೂಡು ಕೆಜಿಗೆ ಎಷ್ಟಾಯ್ತ್ಲಾ? ನಿಮ್ಮ ಚಿಕ್ಕಪ್ಪನ ಮೊಮ್ಮಗಳ ಎಸ್ರೇನ್ಲಾ?" ನಿಂಗರಾಜ ಉತ್ತರ ಹೇಳುತ್ತಲೇ ಎಣಿಕೆ ತಪ್ಪುತ್ತಿದ್ದ. ಮೇಷ್ಟ್ರು ಎಲೆ ಬಡಿದು ಮೊದಲಿಂದ ಹಂಚುತ್ತಿದ್ದರು. ಸುಧಾ ಒಮ್ಮೆಯೂ ತಪ್ಪಲಿಲ್ಲ. ನಿಂಗರಾಜ ಎಲ್ಲರಿಗೂ ಟೀ ತಂದಿಟ್ಟರೆ ಅವಳ ಲೋಟದ್ದು ಹಾಗೇ ಆರುತ್ತಿತ್ತು. ಆ ಲೋಟವನ್ನು ಅವನೇ ಒಳಗೆ ಒಯ್ದು ತೊಳೆಯುತ್ತಿದ್ದ. ಅವರಿಬ್ಬರ ಸಂಸಾರದಲ್ಲಿ ಆಗ ಇದ್ದದ್ದು ಅಷ್ಟೇ ವ್ಯವಹಾರ.

ಅವನಿಗೆ ಇನ್ನೊಂದು ತೊಡಕಿತ್ತು. ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. ಎಷ್ಟು ಗದರಿದರೂ ನಿಲ್ಲಲಿಲ್ಲ. ಕಡೆಗೆ ಮೇಷ್ಟ್ರು ಒಂದು ಉಪಾಯ ಮಾಡಿದರು: ಬಾಯಲ್ಲಿ ಸದಾ ಒಂದು ಗುಟುಕು ನೀರು ಇಟ್ಟುಕೊಂಡೇ ಎಣಿಸು. ಬಾಯಿ ತುಂಬಿದ್ದರೆ ತುಟಿ ಸುಮ್ಮನಿರುತ್ತದೆ. ಅದು ಫಲಿಸಿತು. ಅಲ್ಲಿಂದ ಮುಂದೆ ಅವನ ಕೈಯಲ್ಲಿ ಯಾವಾಗಲೂ ಒಂದು ಲೋಟ.

ಆ ಮಳೆಗಾಲದಲ್ಲಿ ನಾವು ಗೋವಾಕ್ಕೆ ಹೋದದ್ದು ಮೂರು ಸಲ, ಜವರೇಗೌಡನ ಕಾರಿನಲ್ಲಿ, ಹಾಸನ, ಹುಬ್ಬಳ್ಳಿ ಮಾರ್ಗವಾಗಿ. ನಮ್ಮ ಸೋನೆಗೂ ಅಲ್ಲಿನ ಮಳೆಗೂ ಹೋಲಿಕೆಯೇ ಇಲ್ಲ. ಘಟ್ಟ ಇಳಿಯುತ್ತಿದ್ದಂತೆ ಗಾಜಿನ ಮೇಲೆ ನೀರು ಸುರಿದ ಹಾಗೆ ಬರುತ್ತಿತ್ತು. ದಡದಿಂದ ಸಣ್ಣ ದೋಣಿ ಹತ್ತಿ ಹಡಗು ಸೇರಿದರೆ ಒಳಗೆ ಗಟ್ಟಿ ಎ.ಸಿ., ದಪ್ಪ ಕಂಬಳಿಯಂಥ ನೆಲಹಾಸು, ಒಂದೂ ಗಡಿಯಾರವಿಲ್ಲ, ಒಂದೂ ಕಿಟಕಿಯಿಲ್ಲ. ಪ್ರವೇಶದ ಟಿಕೆಟ್ಟಿನಲ್ಲೇ ಊಟ. ಜನ ಕಡಿಮೆ ಇರಲೆಂದು ನಾವು ಮಧ್ಯಾಹ್ನ ಹೋಗುತ್ತಿದ್ದೆವು. ನಿಂಗರಾಜ, ಸುಧಾ ಬೇರೆ ಬೇರೆ ದೋಣಿಯಲ್ಲಿ ಬಂದು ಒಂದೇ ಮೇಜಿನ ಎರಡು ಕಡೆ ಅಪರಿಚಿತರಂತೆ ಕೂರುವರು. ನಡುವೆ ಒಂದು ಖಾಲಿ ಕುರ್ಚಿ. ಒಬ್ಬರ ಎಣಿಕೆ ತಪ್ಪಿದರೂ ಅಪಾಯವಾದ್ದರಿಂದ ಇಬ್ಬರೂ ಒಪ್ಪಿದಾಗ ಮಾತ್ರ ಸನ್ನೆ: ಅವನು ಲೋಟವನ್ನು ಎಡಕ್ಕೆ ಸರಿಸಬೇಕು, ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಳ್ಳಬೇಕು. ಆಗ ಜವರೇಗೌಡ ಆ ಖಾಲಿ ಕುರ್ಚಿಗೆ ಬರುವನು. ಮೇಷ್ಟ್ರು, ನಾನು ದೂರದಲ್ಲಿ ಕಾಫಿ ಮುಂದಿಟ್ಟುಕೊಂಡು ಕೂರುತ್ತಿದ್ದೆವು.

ಮೊದಲ ಸಲ ಎಣಿಕೆ ಏರಲೇ ಇಲ್ಲ. ಮಧ್ಯಾಹ್ನದಿಂದ ಸಂಜೆಯವರೆಗೆ ಇಬ್ಬರೂ ಕೂತಲ್ಲೇ ಕೂತರು. ಜವರೇಗೌಡ ಕೆಲಸವಿಲ್ಲದೆ ಮೂರು ಸಲ ಊಟ ಮಾಡಿದ. ಎರಡನೇ ಸಲ ಎಣಿಕೆ ಏರಿತು, ಸನ್ನೆ ಸರಿಯಾಗಿ ಹೋಯಿತು, ಜವರೇಗೌಡ ಬಂದು ಕೂತ, ಸೋತ. ಮತ್ತೆ ಏರಿತು, ಮತ್ತೆ ಸೋತ.

"ಇದೇನ್ ಸಾರ್ ನಿಮ್ಮ ಗಣಿತ?" ಎಂದ ವಾಪಸು ಬರುವಾಗ.

"ಗಣಿತ ಸರಿಯಾಗಿಯೇ ಇದೆ. ಸಾವಿರಾರು ಸಲ ಆಡಿದರೆ ತಿಳಿಯುತ್ತೆ," ಎಂದರು ಮೇಷ್ಟ್ರು.

"ಸಾವ್ರ ಸಲ ಆಡೋಕೆ ನಾನ್ ಬದ್ಕಿರ್ಬೇಕಲ್ಲ."

ಆ ದಿನ ನಾನು ಕಂಡದ್ದು ಬೇರೆ. ನಿಂಗರಾಜನ ಕೈಗೆ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಒಳ್ಳೊಳ್ಳೆಯ ಎಲೆಗಳೇ ಬೀಳುತ್ತಿದ್ದವು. ಇಟ್ಟಿದ್ದು ಚಿಕ್ಕ ಪಣ, ಗೆದ್ದದ್ದೂ ಚಿಕ್ಕದು. ಒಂದು ಸುತ್ತಿಗೆ ಮೊದಲು ಅವನ ಎಡಗೈ ಹಣದ ಬದಲು ಪಣಕ್ಕಿಡುವ ಬಿಲ್ಲೆಗಳ, ಅಂದರೆ ಚಿಪ್ಪುಗಳ ರಾಶಿಯ ಮೇಲೆ ಹೋಗಿ ನಿಂತಿತು. ಬೆರಳುಗಳು ಒಂದು ಹಿಡಿಯಷ್ಟನ್ನು ಮುಚ್ಚಿಕೊಂಡವು. ಸುಧಾ ತನ್ನ ಎಲೆ ನೋಡುವುದನ್ನು ಬಿಟ್ಟು ಆ ಕೈಯನ್ನೇ ನೋಡಿದಳು. ಎಲೆ ಹಂಚುವ ಡೀಲರ್ ಕಾದ. ನಿಂಗರಾಜ ಒಂದೇ ಚಿಪ್ಪನ್ನು ಮುಂದೆ ತಳ್ಳಿ, ಎಡಗೈಯನ್ನು ತೊಡೆಯ ಅಡಿಗೆ ಹಾಕಿ ಅದರ ಮೇಲೆ ಕೂತುಬಿಟ್ಟ. ಏಳುವ ತನಕ ಹಾಗೇ ಇದ್ದ.

ಹುಬ್ಬಳ್ಳಿಯಲ್ಲಿ ಟೀಗೆ ನಿಂತಾಗ ನನ್ನ ಪಕ್ಕ ಬಂದು ನಿಂತ. ಕೈಯನ್ನು ಇನ್ನೂ ಉಜ್ಜಿಕೊಳ್ಳುತ್ತಿದ್ದ.

"ಗೇಯೋದ್ಕಿಂತ ಕಷ್ಟ ಕಣಣ್ಣ ಇದು. ಮೊದ್ಲು ಎಲೆ ಕಂಡ್ರೆ ಎದೆ ಡವಡವ ಅನ್ನೋದು. ಈಗ ತಲೆ ನೋಯ್ತದೆ."

"ನಿಲ್ಲಿಸಿಬಿಡು ಹಾಗಿದ್ದರೆ."

ಅವನು ಕಾರಿನ ಕಡೆ ನೋಡಿದ. ಸುಧಾ ಕೆಳಗಿಳಿದಿರಲಿಲ್ಲ. "ಎಂಗ್ ನಿಲ್ಸದು?" ಎಂದ.

ಊರಿಗೆ ಬಂದರೆ ಮತ್ತೆ ಅದೇ ಒಳಹರಿವು, ಅದೇ ನದಿದಂಡೆ. ಅಣೆಕಟ್ಟೆ ತುಂಬಿತು, ನೀರು ಬಿಟ್ಟರು, ಬರೆದೆ. ಮೇಷ್ಟ್ರಿಗೆ ಕೆಮ್ಮು ಹಿಡಿಯಿತು. ಜವರೇಗೌಡನ ಒಂದು ಲಾರಿ ಕೆಟ್ಟು ನಿಂತಿತು. ಹೊಸ ಹುಳು ಇಳಿಸುವ ಸಮಯ ಬಂದು ಅಭ್ಯಾಸವನ್ನು ಹುಳುಮನೆಯಿಂದ ಪಡಸಾಲೆಗೆ ಸಾಗಿಸಿದರು. ಗೆಲ್ಲುವ ಮಾತು ಯಾರ ಬಾಯಲ್ಲೂ ಇರಲಿಲ್ಲ. ಆದರೂ ಭಾನುವಾರ ಬಂತೆಂದರೆ ಮೇಷ್ಟ್ರು, ಸುಧಾ ನಾಗಮಂಗಲದಿಂದ ಬಸ್ಸು ಹತ್ತಿ ಬರುತ್ತಿದ್ದರು, ಎಲೆ ಹಂಚುತ್ತಿದ್ದರು, ಎಣಿಸುತ್ತಿದ್ದರು. ಮೇಷ್ಟ್ರು ತಮ್ಮ ಗಣಿತಕ್ಕೆ, ಜವರೇಗೌಡ ಹಠಕ್ಕೆ. ನಿಂಗರಾಜ ಯಾತಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ಸುಧಾಳ ಮುಖದಲ್ಲಿ ಮಾತ್ರ ಏನೂ ಓದಲಾಗುತ್ತಿರಲಿಲ್ಲ.

ಮೂರನೆಯದು ಗೌರಿ ಹಬ್ಬದ ಹಿಂದಿನ ವಾರ. ಹಬ್ಬದ ನಂತರ ಹೋಗುವುದಿಲ್ಲವೆಂದು ಮೊದಲೇ ತೀರ್ಮಾನವಾಗಿತ್ತು. ಅಂದು ಮಧ್ಯಾಹ್ನ ಊಟದ ಹೊತ್ತು ಕಳೆಯುತ್ತಿದ್ದಂತೆ ಸಣ್ಣ ಎಲೆಗಳು ಒಂದರ ಹಿಂದೊಂದು ಬಿದ್ದವು. ಕಾಫಿ ಮೇಜಿನಿಂದ ಎಲೆ ಕಾಣುತ್ತಿರಲಿಲ್ಲ, ಸುಧಾಳ ಬೆನ್ನು ಕಾಣುತ್ತಿತ್ತು. ಅದು ನೆಟ್ಟಗಾಯಿತು. ಬ್ಯಾಗು ಮಡಿಲಿಗೆ ಬಂತು. ನಿಂಗರಾಜನ ಲೋಟ ಎಡಕ್ಕೆ ಸರಿಯಿತು. ಜವರೇಗೌಡ ಚೈನು ಸರಿಮಾಡಿಕೊಳ್ಳುತ್ತ ಹೋಗಿ ನಡುವಿನ ಕುರ್ಚಿಯಲ್ಲಿ ಕೂತ. ಗೆದ್ದ. ಇನ್ನೂ ದೊಡ್ಡದಾಗಿ ಇಟ್ಟ, ಗೆದ್ದ. ಮೇಷ್ಟ್ರು ನನ್ನ ಮೊಣಕೈ ಹಿಡಿದುಕೊಂಡರು. ಒಂದು ಸೇವಾವಧಿಯಷ್ಟು ಕಾಲ ಕಾದದ್ದನ್ನು ಅವರು ನೋಡುತ್ತಿದ್ದರು.

ಅಷ್ಟರಲ್ಲಿ ನಿಂಗರಾಜ ಕೆಮ್ಮಿದ. ನೀರಿನ ಬದಲು ಬಾಯಲ್ಲಿಟ್ಟುಕೊಂಡಿದ್ದ ಸೋಡಾ ನೆತ್ತಿಗೆ ಹತ್ತಿತ್ತು. ಕೆಮ್ಮು ನಿಲ್ಲಲಿಲ್ಲ, ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಉಸಿರು ಸಿಕ್ಕಿಕೊಂಡಿತು. ಡೀಲರ್ ಕೈ ತಡೆದ. ಸುಧಾ ಎದ್ದಳು. ಜವರೇಗೌಡನ ಬೆನ್ನ ಹಿಂದಿನಿಂದ ಎರಡೇ ಹೆಜ್ಜೆಗೆ ಅವನ ಹತ್ತಿರ ಬಂದು ಅಂಗೈಯಿಂದ ಅವನ ನೆತ್ತಿಯನ್ನು ತಟ್ಟತೊಡಗಿದಳು.

"ಮೇಲ್ ನೋಡು. ಮೇಲ್ ನೋಡು. ಉಫ್, ಉಫ್."

ಆ ಹಡಗಿನಲ್ಲಿ ಬೇರೆ ಯಾರೇ ಆಗಿದ್ದರೂ ನೀರು ಕೊಡುತ್ತಿದ್ದರು, ಬೆನ್ನು ತಟ್ಟುತ್ತಿದ್ದರು. ಗುರುತಿಲ್ಲದ ಗಂಡಸಿನ ನೆತ್ತಿ ತಟ್ಟಿ ಊದುವ ಹೆಂಗಸು ಎಲ್ಲಿಯೂ ಇಲ್ಲ. ಸಾಲದ್ದಕ್ಕೆ ಜವರೇಗೌಡನೂ ತಿರುಗಿ, "ಯಾರೋ ನೆನೆಸ್ಕತಾವ್ರೆ ಕಣ್ಲಾ ನಿನ್ನ, ಮೇಲ್ ನೋಡ್ಲಾ!" ಎಂದ. ನಿಂಗರಾಜ ಮೇಲೆ ನೋಡಿದ. ಮೇಜಿನ ನೆತ್ತಿಗೆ ಸರಿಯಾಗಿ ಚಾವಣಿಯಲ್ಲಿ ಕಪ್ಪು ಗಾಜಿನ ಬುರುಡೆಯೊಳಗೆ ಕ್ಯಾಮೆರಾ ಇತ್ತು. ಇವರು ಮೂವರೂ ಅದರ ಕಡೆ ಮುಖವೆತ್ತಿದ್ದರು.

ಮೇಷ್ಟ್ರು ನನ್ನ ಮೊಣಕೈ ಬಿಟ್ಟರು. "ಮುಗೀತು," ಎಂದರು. ನನಗೆ ತಟ್ಟಿದ್ದು ಇನ್ನೊಂದು: ವರ್ಷದ ಮೇಲೆ ಅವಳು ಗಂಡನಿಗೆ ಆಡಿದ ಮೊದಲ ಮಾತು ಅದು. ಅವಳಿಗೂ ಅದು ತಡವಾಗಿ ಹೊಳೆದಿರಬೇಕು. ಕೈ ಹಿಂದಕ್ಕೆ ಎಳೆದುಕೊಂಡು ಸೀರೆಗೆ ಒರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ಕಪ್ಪು ಕೋಟಿನ ಮ್ಯಾನೇಜರ್ ಬಂದ. ತುಂಬಾ ಮರ್ಯಾದೆಯ ಮನುಷ್ಯ. ನಮ್ಮಿಬ್ಬರನ್ನೂ ಸೇರಿಸಿ ಐವರನ್ನೂ ಒಂದು ಕಡೆ ಕರೆದ. ತಪ್ಪೇನೆಂದು ಮೇಷ್ಟ್ರು ಹಿಂದಿಯಲ್ಲಿ ಕೇಳಿದರು. ತಪ್ಪೇನೂ ಇಲ್ಲ, ನೀವು ಬಹಳ ಚೆನ್ನಾಗಿ ಆಡುತ್ತೀರಿ, ಅಷ್ಟೇ ಎಂದ. ಇನ್ನು ಮುಂದೆ ಬ್ಲ್ಯಾಕ್‌ಜಾಕ್ ಮೇಜಿಗೆ ಮಾತ್ರ ಬರಬೇಡಿ. ಬೇರೆ ಯಾವ ಆಟವಾದರೂ ಆಡಿ. ಮೇಲಿನ ಅಂತಸ್ತಿನಲ್ಲಿ ಅಂದರ್ ಬಾಹರ್ ಇದೆ.

ಮಳೆ ಜೋರಾಗಿ ದೋಣಿ ತಡವಾಗಿತ್ತು. ದೋಣಿ ಹತ್ತುವ ಕಟ್ಟೆಯ ಬಳಿ ಬೆಂಚಿನ ಮೇಲೆ ಕೂತೆವು. ಜವರೇಗೌಡ ತನ್ನ ಚಿಪ್ಪುಗಳನ್ನು ಹಣ ಮಾಡಿಸಿ ಬಂದು, "ಲೇ, ನಿಂಗ ಎಲ್ಲವ್ನೆ?" ಎಂದ. ನಿಂಗರಾಜನ ಕೈಯಲ್ಲಿ ಉಳಿದ ಚಿಪ್ಪುಗಳಿದ್ದವು. ಅವನಿರಲಿಲ್ಲ.

ಎಲ್ಲರೂ ಮೆಟ್ಟಿಲ ಕಡೆ ನೋಡಿದರು.

"ಇರಿ, ಕುತ್ಗೆಪಟ್ಟಿ ಇಡ್ದು ಎಳ್ಕೊಂಡ್ ಬತ್ತೀನಿ," ಎಂದು ಜವರೇಗೌಡ ಎದ್ದ.

"ಯಾರೂ ಓಗ್ಬ್ಯಾಡಿ," ಎಂದಳು ಸುಧಾ. "ಬತ್ತಾರೋ ಇಲ್ವೋ, ಅವ್ರೇ ಬರ್ಲಿ."

ಕರೆಯುವುದು ನನ್ನ ಕೆಲಸವಲ್ಲ, ನೋಡುವುದು ನನ್ನ ಕೆಲಸ. ಮೇಲೆ ಹೋದೆ. ಅಂದರ್ ಬಾಹರ್ ಮೇಜಿನ ಸುತ್ತ ಎರಡು ಸಾಲು ಜನ. ನಿಂಗರಾಜ ಹಿಂದಿನ ಸಾಲಿನಲ್ಲಿ ನಿಂತಿದ್ದ. ಡೀಲರ್ ಹುಡುಗಿ ಒಂದು ಎಲೆ ಒಳಗೆ, ಒಂದು ಎಲೆ ಹೊರಗೆ ಹಾಕುತ್ತಿದ್ದಳು, ಜನ ಕೂಗುತ್ತಿದ್ದರು. ಮುಂದಿನ ಸಾಲಿನವನೊಬ್ಬ ಸೋತು ಎದ್ದ. ಹುಡುಗಿ ನಗುತ್ತ ಖಾಲಿಯಾದ ಕುರ್ಚಿ ತೋರಿಸಿದಳು. ನಿಂಗರಾಜ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟ. ಚಿಪ್ಪುಗಳಿದ್ದ ಇನ್ನೊಂದು ಕೈ ಮುಷ್ಟಿಯಾಗಿತ್ತು. ಒಂದು ಆಟ ಮುಗಿಯಿತು. ಇನ್ನೊಂದು ಶುರುವಾಯಿತು. ಅವನು ಕೂರಲೂ ಇಲ್ಲ, ಕೈ ತೆಗೆಯಲೂ ಇಲ್ಲ. ಆಮೇಲೆ ಬಾಯಿ ಅಗಲಿಸಿ ದೊಡ್ಡದಾಗಿ ಆಕಳಿಸಿದ. ಕಣ್ಣೊರೆಸಿಕೊಂಡು ತಿರುಗಿದವನು ನನ್ನನ್ನು ಕಂಡು, "ದೋಣಿ ಬಂತಾ ಅಣ್ಣ?" ಎಂದ.

ಕೆಳಗೆ ಬಂದಾಗ ಸುಧಾ ನೇರ ಅವನನ್ನೇ ಕೇಳಿದಳು. "ಆಡ್ದಾ?"

"ಇಲ್ಲ."

ಅವಳು ನನ್ನ ಕಡೆ ನೋಡಿದಳು.

"ನಿಂತಿದ್ದ. ಕುರ್ಚಿ ಖಾಲಿಯಾಗಿತ್ತು. ಕೂರಲಿಲ್ಲ," ಎಂದೆ.

"ಯಾಕೆ?" ಇದು ಅವನಿಗೆ.

ನಿಂಗರಾಜ ಮುಷ್ಟಿ ಬಿಚ್ಚಿ ಚಿಪ್ಪುಗಳನ್ನು ಜವರೇಗೌಡನ ಕೈಗೆ ಸುರಿದ. "ಎಣ್ಸೋಕೇ ಏನೂ ಇರ್ನಿಲ್ಲ ಅಲ್ಲಿ. ಅತ್ಲಾಗೊಂದು ಇತ್ಲಾಗೊಂದು, ಸುಮ್ಕೆ ಬೀಳ್ತಿತ್ತು. ಇದಕ್ಕಾ ಅಷ್ಟು ದಿನ ಕೂತಿದ್ದೆ ಅನ್ನುಸ್ತು. ನಿದ್ದೆ ಬಂತು."

"ಅಯ್ಯೋ ನಿನ್ ಮನೆ ಕಾಯೋಗ," ಎಂದು ಜವರೇಗೌಡ ನಕ್ಕ. ಮೇಷ್ಟ್ರೂ ನಕ್ಕರು. ಸುಧಾ ನಗಲಿಲ್ಲ.

"ಇವತ್ ಬಂತು ನಿದ್ದೆ. ನಾಳೀಕೆ?"

ನಿಂಗರಾಜ ಬೆಂಚಿನ ಇನ್ನೊಂದು ತುದಿಯಲ್ಲಿ ಹೋಗಿ ಕೂತ. ದೋಣಿ ಬಂತು.

ಸಂಜೆ ಹೊರಟೆವು. ಘಟ್ಟ ಹತ್ತುವ ತನಕ ಮಳೆ ಬಿಡಲಿಲ್ಲ. ಗೆದ್ದದ್ದು, ಸೋತದ್ದು, ಪೆಟ್ರೋಲು, ಟಿಕೆಟ್ಟು ಎಲ್ಲ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ ಎಂದು ಮೇಷ್ಟ್ರು ಹೇಳಿದರು. ಯಾರೂ ಬೇಸರಪಡಲಿಲ್ಲ, ಅದಕ್ಕೂ ಶಕ್ತಿ ಬೇಕಲ್ಲ. ಈಗ ಕೆಲವು ಹಡಗುಗಳಲ್ಲಿ ಆಡಿದ ಎಲೆಯನ್ನು ಆಗಿಂದಾಗ ಕಟ್ಟಿಗೆ ಬೆರೆಸುವ ಯಂತ್ರ ಬಂದಿದೆ ಎನ್ನುತ್ತಾರೆ. ಅಲ್ಲಿ ಯಾರು ಎಷ್ಟು ಎಣಿಸಿದರೂ ಪ್ರಯೋಜನವಿಲ್ಲ. ಅಂಥ ವಿದ್ಯೆಯೊಂದನ್ನು ಒಂದು ಮಳೆಗಾಲ ಕಲಿತೆವು ಎಂದುಕೊಳ್ಳಬೇಕು.

ಬೆಳಕು ಹರಿದಾಗ ಹಾಸನ ದಾಟಿದ್ದೆವು. ಮೇಷ್ಟ್ರು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಹಿಂದೆ ಒಂದು ಕಿಟಕಿಗೆ ನಿಂಗರಾಜ, ಇನ್ನೊಂದು ಕಿಟಕಿಗೆ ಸುಧಾ, ನಡುವೆ ನಾನು. ಚನ್ನರಾಯಪಟ್ಟಣ ಬಂತು. ಅಲ್ಲಿ ದಾರಿ ಒಡೆಯುತ್ತದೆ. ನೇರ ಹೋದರೆ ಬೆಳ್ಳೂರು ಕ್ರಾಸು, ಅಲ್ಲಿಂದ ನಾಗಮಂಗಲ, ಅವಳ ತಾಯಿಯ ಮನೆ. ಬಲಕ್ಕೆ ತಿರುಗಿದರೆ ಕೆ.ಆರ್. ಪೇಟೆ, ಸಿಂಧಘಟ್ಟ. ಹಿಂದಿನ ಎರಡು ಸಲವೂ ನಿಂಗರಾಜ ಅಲ್ಲೇ ಇಳಿದು ಬಸ್ಸು ಹಿಡಿದಿದ್ದ, ಕಾರು ನೇರ ಹೋಗಿತ್ತು. ಜವರೇಗೌಡ ವೇಗ ಇಳಿಸಿ ಕನ್ನಡಿಯಲ್ಲಿ ಹಿಂದೆ ನೋಡಿದ.

"ಎಲ್ ನಿಲ್ಸ್ಲವ್ವ?"

ಹಾಲಿನ ಕ್ಯಾನು ಹೊತ್ತ ಗಾಡಿಯೊಂದು ಅಡ್ಡ ಹೋಯಿತು.

"ನಿಲ್ಸ್‌ಬ್ಯಾಡಣ್ಣ," ಎಂದಳು. "ಬಲಕ್ಕೆ ತಿರ್ಗಿಸ್ಕಳಿ. ಇಬ್ರೂ ಅಲ್ಲೇ ಇಳೀತೀವಿ."

ಮೇಷ್ಟ್ರಿಗೆ ಎಚ್ಚರವಾಯಿತು. ಜವರೇಗೌಡ ಸ್ಟೇರಿಂಗ್ ತಿರುಗಿಸಿದ. ಆ ಮಾತನ್ನು ಕೇಳಲೆಂದೇ ಮಳೆಗಾಲವಿಡೀ ಎಣಿಸಿದವನು ಮಾತ್ರ ಗಾಜಿಗೆ ತಲೆಯಾನಿಸಿ, ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದ. ಮೇಷ್ಟ್ರು ಹಿಂದಕ್ಕೆ ಬಗ್ಗಿ ಅವನ ಮೊಣಕಾಲು ಅಲ್ಲಾಡಿಸಲು ಕೈ ಚಾಚಿದರು. ಸುಧಾ ನನ್ನನ್ನು ದಾಟಿ ಕೈ ಅಡ್ಡ ಹಿಡಿದಳು.

"ಮನೀಕ್ಕಳ್ಲಿ ಬುಡಿ ಸಾರ್," ಎಂದಳು. "ಊರ್ ಬಂದಾಗ ನಾನೇ ಎಬ್ಬುಸ್ತೀನಿ."